ತಾವರೆಕೊಳದ ಸಿಹಿನೀರು

"ಅಳಿವೆಪುರದ ಜನರೇ, ಕೇಳಿ. ದೋಣಿಗಳು ನಿಲ್ಲುತ್ತಿದ್ದ, ಈಗ ಕುಸಿದ ಧಕ್ಕೆಯ ಬಗ್ಗೆ ರಾಣಿ ಪದ್ಮಲಾದೇವಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಹೊಸ ಧಕ್ಕೆಯ ಒಡೆತನ. ತಪ್ಪಿದವನ ತಲೆ ಸಂಜೆಗೆ ಉರುಳುತ್ತದೆ" ಎಂದು ಡಂಗುರ ಸಾರಿದರು.

ರಾಜಕುಮಾರ ಹುಟ್ಟಿದ ವರ್ಷ ಕಬ್ಬಿಣದ ಸರಳಿಟ್ಟು ಕಾಂಕ್ರೀಟಿನಲ್ಲಿ ಕಟ್ಟಿದ ಧಕ್ಕೆ ಅದು. ಅವನಿಗೆ ಮೀಸೆ ಮೂಡುವ ಮೊದಲೇ ಕುಸಿದು, ಅವನನ್ನೂ ಮೀನು ಒಣಗಿಸುವ ಹೊನ್ನಯ್ಯನ ಅಪ್ಪನನ್ನೂ ಒಟ್ಟಿಗೆ ನುಂಗಿತ್ತು. ಉಳಿದ ಕಂಬಗಳಿಂದ ಇನ್ನೂ ಕೀವಿನಂತೆ ತುಕ್ಕು ಸೋರುತ್ತಿತ್ತು. ಡಂಗುರ ಕೇಳಿ ಹೊನ್ನಯ್ಯನೂ ಅರಮನೆಗೆ ಹೋದ. ಸಭೆಯಲ್ಲಿ ಅತ್ತರಿನ ವಾಸನೆ ತುಂಬಿತ್ತು.

ರಾಣಿ ಕೇಳಿದಳು: "ಸಾಯುತ್ತಾ ಸಾಯುತ್ತಾ ದಪ್ಪಗಾಗಿ, ತನ್ನನ್ನು ಅಪ್ಪಿಕೊಂಡವನ ಎದೆ ಸೀಳುವವನು ಯಾರು?"

ಮಂತ್ರಿಯ ಅಳಿಯ "ಶತ್ರುರಾಜ" ಎಂದ. ಧಕ್ಕೆ ಕಟ್ಟಿದ ಗುತ್ತಿಗೆದಾರ "ಕಡಲರಾಜ" ಎಂದು, ಒಣಗಿದ ಕಣ್ಣನ್ನೇ ಒರೆಸಿಕೊಂಡ. ಭಟರು ಇಬ್ಬರನ್ನೂ ಎಳೆದೊಯ್ದರು.

"ಮೀನಿನವನೇ, ಹೋಗು. ನಿನ್ನ ತಲೆಯನ್ನೂ ಉಪ್ಪು ಹಾಕಿ ಒಣಗಿಸುತ್ತಾರೆ" ಎಂದು ಯಾರೋ ನಕ್ಕರು.

"ಕಬ್ಬಿಣ, ತಾಯೇ," ಎಂದ ಹೊನ್ನಯ್ಯ. "ತುಕ್ಕು ಹಿಡಿದ ಸರಳು ಉಬ್ಬಿ, ಸುತ್ತಲಿನ ಕಾಂಕ್ರೀಟನ್ನು ಒಳಗಿಂದಲೇ ಬಿರಿಸುತ್ತದೆ."

ರಾಣಿ ಎರಡನೆಯದನ್ನು ಕೇಳಿದಳು: "ಸದಾ ಮುಳುಗಿದ ಕಾಲು ಗಟ್ಟಿ. ಅಲೆ ಮುಟ್ಟದ ತಲೆಯೂ ಗಟ್ಟಿ. ನಡು ಮಾತ್ರ ಕೊಳೆಯಿತು. ಏಕೆ?"

ಆಸ್ಥಾನದ ಜೋಯಿಸರು ದೃಷ್ಟಿ ತಾಗಿದೆ ಎಂದರು. ಅವರನ್ನೂ ಎಳೆದೊಯ್ದರು.

"ನಾವು ಮೀನನ್ನು ಉಪ್ಪುನೀರಿಗೆ ಅದ್ದಿ ಬಿಸಿಲಿಗಿಡುತ್ತೇವೆ, ಮತ್ತೆ ಅದ್ದುತ್ತೇವೆ," ಎಂದ ಹೊನ್ನಯ್ಯ. " ನೀರು ಆರುತ್ತದೆ, ಉಪ್ಪು ಉಳಿದು ಮುಳ್ಳಿನವರೆಗೂ ಇಳಿಯುತ್ತದೆ. ಕಂಬದ ನಡುವನ್ನು ಉಬ್ಬರ ಅದ್ದುತ್ತದೆ, ಇಳಿತ ಒಣಗಿಸುತ್ತದೆ. ಕಾಲಿಗೆ ಗಾಳಿ ತಾಕದು, ತಲೆಗೆ ಉಪ್ಪು ಕಡಿಮೆ; ನಡುವಿಗೆ ಉಪ್ಪೂ ಉಂಟು, ಗಾಳಿಯೂ ಉಂಟು. ಕಬ್ಬಿಣ ತುಕ್ಕು ಹಿಡಿಯಲು ಇನ್ನೇನು ಬೇಕು?"

"ಸರಿ," ಎಂದಳು ರಾಣಿ. "ಕಡಲಿಗಿಂತ ಮೊದಲೇ ಉಪ್ಪನ್ನು ಒಳಗೆ ಕರೆದವರು ಯಾರು?"

ಸಭೆಯೆಲ್ಲ ಗುತ್ತಿಗೆದಾರನ ಹೆಸರು ಕೂಗಿತು. ಹೊನ್ನಯ್ಯ ತನ್ನ ಕತ್ತು ಮುಟ್ಟಿ ನೋಡಿಕೊಂಡ.

"ನೀವೇ, ತಾಯೇ. ಮಗ ಹುಟ್ಟಿದ ಸಂಭ್ರಮಕ್ಕೆ ಊರ ಬಾವಿಗಳ ಸಿಹಿನೀರೆಲ್ಲ ಅರಮನೆಯ ತಾವರೆಕೊಳಕ್ಕೆ ಹೋಯಿತು. ಕಾಂಕ್ರೀಟನ್ನು ಅಳಿವೆಯ ಉಪ್ಪುನೀರಿನಲ್ಲೇ ಕಲಸಿ ಎಂದು ನಿಮ್ಮ ಅಪ್ಪಣೆಯಾಯಿತು. ಆ ನೀರು ಹೊತ್ತವನು ನನ್ನಪ್ಪ."

ರಾಣಿ ಸಭೆಯತ್ತ ತಿರುಗಿದಳು.

"ಇಲ್ಲಿ ಎಲ್ಲರಿಗೂ ಗೊತ್ತಿತ್ತು," ಎಂದಳು ರಾಣಿ. "ತಲೆ ಕೊಡಲು ಬಂದರು, ನಿಜ ಹೇಳಲು ಬರಲಿಲ್ಲ. ಇವರನ್ನು ಕಂಡರೆ ಹೇಸಿಗೆ. ನನ್ನನ್ನು ಕಂಡರೆ ಇನ್ನೂ ಹೇಸಿಗೆ." ಸೆರೆಯಾದವರನ್ನು ಬಿಡಿಸಿದಳು. ತಪ್ಪು ಮಾಡಿದ ತನ್ನ ತಲೆಯೇ ಭುಜದ ಮೇಲಿರುವಾಗ ಅವರದನ್ನು ತೆಗೆಸಲಾರೆ ಎಂದಳು.

ಧಕ್ಕೆಯ ಒಡೆತನದ ಜೊತೆಗೆ ಇನ್ನೇನು ಬೇಕೆಂದು ಕೇಳಿದಾಗ, ಹೊನ್ನಯ್ಯ ಕೊಳದ ನೀರು ಕೇಳಿದ. ಆ ನೀರಿನಲ್ಲೇ ಕಾಂಕ್ರೀಟು ಕಲಸಿ, ಉಪ್ಪು ತಲುಪದಂತೆ ಸರಳುಗಳನ್ನು ನಾಲ್ಕು ಬೆರಳು ಒಳಗಿಟ್ಟು, ಬಿರುಕು ಬಿಡದಂತೆ ಒದ್ದೆ ಗೋಣಿ ಹೊದಿಸಿ ಧಕ್ಕೆ ಕಟ್ಟಿದ.

ಕೆಲಸ ಮುಗಿದ ದಿನ ಕೊಳದಲ್ಲಿ ಬರೀ ಕೆಸರಿತ್ತು. ತಾವರೆಯ ಬೇರು ಕೊಳೆತು ನಾರುತ್ತಿತ್ತು. ರಾಣಿ ಅದನ್ನು ತೆಗೆಸಲಿಲ್ಲ. ಕೊಳದತ್ತ ತೆರೆದ ತನ್ನ ಕಿಟಕಿಯನ್ನೂ ಮುಚ್ಚಿಸಲಿಲ್ಲ.