ಸೊಪ್ಪಿನ ಪಿಳ್ಳಮ್ಮನ ಹೊಂಗೆ ಗಿಡ

ಒಂದಾನೊಂದು ಕಾಲದಲ್ಲಿ, ಎಷ್ಟು ವರ್ಷದ ಹಿಂದೆ ಅಂತ ಮಾತ್ರ ಕೇಳ್ಬೇಡ, ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದಿದು, ಸೆರಗು ಎಳೀಬೇಡ ಕಣೇ ಹರಿದೀತು, ಪಿಳ್ಳಮ್ಮ ಅಂತ ಒಬ್ಬಳು ಹುಡುಗಿ ಇದ್ಲಂತೆ. ಅವಳ ತವರೋರಿಗೆ ಕೆರೆ ಕೆಳಗೆ ಸೊಪ್ಪಿನ ಮಡಿ. ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ. ಅಂಬೆಗಾಲಿಡೋವಾಗಿಂದ ಆ ಮಡೀಲೇ ಬೆಳೆದೋಳು ಅವಳು. ಸೊಪ್ಪು ಅಂದ್ರೆ ಹಸುಗೂಸಿದ್ದಂಗೆ ನೋಡು, ಬೆಳಿಗ್ಗೆ ನೀರು, ಸಂಜೆ ನೀರು, ವಾರಕ್ಕೊಂದು ಸಲ ಸಗಣಿ ಕದಡಿದ ನೀರು, ಬಿಸಿಲಂತೂ ಬೇಕೇ ಬೇಕು. ತುದಿ ಚಿವುಟಿದ್ರೆ ಮಗ್ಗುಲಲ್ಲಿ ಎರಡು ಕುಡಿ ಒಡೆಯುತ್ತೆ, ಅದನ್ನ ಚಿವುಟಿದ್ರೆ ನಾಕು. ಬಿತ್ತಿ ತಿಂಗಳು ತುಂಬೋದ್ರೊಳಗೆ ಕಟ್ಟು ಕಟ್ಟಿ ಸಂತೆಗೆ ಹೊರೋದು. ಹಂಗಾಗಿ ಪಿಳ್ಳಮ್ಮನ ಬೆರಳು ಸುಮ್ನೆ ಇರ್ತಿರಲಿಲ್ಲ, ಹಸಿರು ತುದಿ ಕಂಡ್ರೆ ಸಾಕು, ಚಿವುಟೋದೇ.

ಆಮೇಲೆ ಅವಳನ್ನ ಮೂರು ಹರದಾರಿ ಆಚೆ ಬಯಲಿನ ಒಂದೂರಿಗೆ ಮುನಿತಿಮ್ಮ ಅನ್ನೋನಿಗೆ ಕೊಟ್ಟು ಮದುವೆ ಮಾಡಿದ್ರಂತೆ. ಆ ಊರಲ್ಲಿ ದಾರಿಹೋಕರಿಗೆ ನೆರಳು ಅನ್ನೋದು ಊರ ಮುಂದಿನ ಗುಂಡುತೋಪಲ್ಲಿ ಬಿಟ್ರೆ ಇನ್ನೆಲ್ಲೂ ಇರಲಿಲ್ಲ. ಗಾಡಿಯೋರು, ಕುರಿಯೋರು, ಸಂತೆಗೆ ಹೋಗೋರು ಎಲ್ಲಾ ಅಲ್ಲೇ ಕೂತು ಬುತ್ತಿ ಬಿಚ್ಚೋರು. ಅದಕ್ಕೇ ಆ ಊರೋರು ಒಂದು ಕಟ್ಟಳೆ ಇಟ್ಕೊಂಡಿದ್ರು. ಹೊಸದಾಗಿ ಬಂದ ಸೊಸೆ ತೋಪಲ್ಲಿ ಒಂದು ಹೊಂಗೆ ಸಸಿ ನೆಡಬೇಕು, ಐದನೇ ಯುಗಾದಿ ದಿನ ನಡುಮಧ್ಯಾಹ್ನ ಅದರಡೀಲಿ ಕೂರಬೇಕು, ಮೈ ಮೇಲೆ ಒಂದು ಹನಿ ಬಿಸಿಲು ಬೀಳಬಾರದು. ಬಿತ್ತೋ, ಗಂಟು ಕಟ್ಕೊಂಡು ತವರಿಗೆ ಹೋಗ್ಬೇಕು, ಗಂಡನಿಗೆ ಬೇರೆ ಹೆಣ್ಣು ತರ್ತಾರೆ. ಎಂಥಾ ಹಾಳು ಕಟ್ಟಳೆ ಅಂತೀಯಾ? ನಂಗೂ ಹಂಗೇ ಅನ್ಸುತ್ತೆ. ಗಂಡಸರು ಒಂದು ಕಡ್ಡಿ ನೆಡಬೇಕು ಅಂತ ಯಾರೂ ಹೇಳಿಲ್ಲ ನೋಡು.

ಪಿಳ್ಳಮ್ಮನಿಗೆ ಗಂಡ ಅಂದ್ರೆ ಬಲು ಇಷ್ಟ. ಒಳ್ಳೇ ಮನುಷ್ಯ ಅವನು, ಮಾತು ಕಮ್ಮಿ, ಕೆಲಸ ಜಾಸ್ತಿ. ಅತ್ತೆ ದ್ಯಾವೀರಮ್ಮ ಮಾತ್ರ ಹುಣಸೇಕಾಯಿ ಕಚ್ಚಿದ ಮುಖ ಮಾಡ್ಕೊಂಡೇ ಇರೋಳು. ತೋಪಿನಲ್ಲಿ ಅವಳು ನೆಟ್ಟ ಮರಾನೇ ಎಲ್ಲಕ್ಕಿಂತ ದೊಡ್ಡದು ಅಂತ ಜಂಬ ಬೇರೆ. ಏನಾದ್ರಾಗ್ಲಿ, ನಾನು ಈ ಮನೆ ಬಿಟ್ಟು ಹೋಗೋಳಲ್ಲ, ಸೊಪ್ಪು ಬೆಳೆದೋಳಿಗೆ ಒಂದು ಗಿಡ ಯಾವ ಲೆಕ್ಕ ಅಂದ್ಕೊಂಡು ಪಿಳ್ಳಮ್ಮ ಗೇಣುದ್ದದ ಸಸಿ ನೆಟ್ಲಂತೆ.

ನೆಟ್ಟೋಳು ಏನು ಮಾಡಿದ್ಲು ಗೊತ್ತಾ, ಬೆಳಿಗ್ಗೆ ಎರಡು ಬಿಂದಿಗೆ, ಸಂಜೆ ಎರಡು ಬಿಂದಿಗೆ, ಮಳೆ ಬಂದ ದಿನಾನೂ ಬಿಡದಂಗೆ ನೀರು. ಮೇಲೆ ಸಗಣಿ ನೀರು. ದಾರಿಹೋಕರು ನೋಡಿ ನಕ್ಕರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಆಮೇಲೆ ಎಲೆ ಹಳದಿ ಆಯ್ತು, ಅಯ್ಯೋ ಬಾಯಾರಿಕೆ ಇರ್ಬೇಕು ಅಂತ ಇನ್ನೊಂದು ಬಿಂದಿಗೆ ಹುಯ್ದಳು. ದೀಪಾವಳಿ ಹೊತ್ತಿಗೆ ಬೇರು ಕೊಳೆತು ಸಸಿ ಕೈಗೇ ಕಿತ್ತು ಬಂತಂತೆ.

ಮಾರನೇ ವರ್ಷ ಮುಂಗಾರು ಬಿದ್ದಾಗ ಇನ್ನೊಂದು ನೆಟ್ಲು. ಈ ಸಲ ನೀರು ಕಮ್ಮಿ ಮಾಡಿದ್ಲು, ಬುದ್ಧಿ ಬಂದಿತ್ತು. ಗಿಡಾನೂ ಚೆನ್ನಾಗಿ ಕಚ್ಕೊಳ್ತು. ಆದ್ರೆ ದಿನಾ ನೋಡೋಕೆ ಹೋಗೋಳಲ್ಲ, ಎಳೇ ಕೆಂಪು ಕುಡಿ ಕಂಡ ತಕ್ಷಣ ಬೆರಳು ತಡೀತಿರಲಿಲ್ಲ, ಚಟ್ ಅಂತ ಚಿವುಟಿಬಿಡೋಳು. ಚಿವುಟಿದ್ರೆ ತಾನೇ ಚಿಗುರೋದು ಅಂತ ಅವಳ ನ್ಯಾಯ. ವರ್ಷ ಒಂದಾಯ್ತು, ಗಿಡ ಮೊಣಕಾಲುದ್ದ. ಪೊದೆ ಥರ ದುಂಡಗೆ ಕೂತಿತ್ತು, ಅದರಡೀಲಿ ಕೋಳಿ ಕೂರಬಹುದಿತ್ತು, ಸೊಸೆ ಕೂರೋ ಹಂಗಿರಲಿಲ್ಲ.

ಒಂದಿನ ದ್ಯಾವೀರಮ್ಮ ಅದನ್ನ ನೋಡಿದ್ಲಂತೆ. ನೋಡಿ ಸೊಸೆ ಕೈ ಹಿಡ್ಕೊಂಡು, ಇದೇನೇ ಇದು, ಬಸ್ಸಾರಿಗೆ ಸೊಪ್ಪು ಬೆಳೆಸ್ತಿದೀಯಾ, ಮರ ಮೇಲಕ್ಕೆ ಹೋಗ್ಬೇಕು ಅಂದ್ರೆ ತುದಿ ಮುಟ್ಟಬಾರ್ದು, ಸುತ್ತ ಮುಳ್ಳು ಕಟ್ಟು, ಬೇಸಿಗೇಲಿ ಎಂಟು ದಿನಕ್ಕೊಂದು ಬಿಂದಿಗೆ ಹುಯ್ಯಿ, ಬೆನ್ನು ತಿರುಗಿಸಿ ಮನೆಗೆ ಬಾ, ಅಷ್ಟೇ ಅಂದ್ಲಂತೆ. ಅದಕ್ಕೆ ಪಿಳ್ಳಮ್ಮ ಅತ್ಕೊಂಡು, ಅತ್ತೆಮ್ಮ, ನನ್ನ ಕೈ ನನ್ನ ಮಾತು ಕೇಳಲ್ಲ ಅಂದ್ಲು.

ದ್ಯಾವೀರಮ್ಮ ಯೋಚನೆ ಮಾಡಿದ್ಲು. ಅವಳ ಹಿತ್ತಿಲಲ್ಲಿ ನಾಕು ಸಾಲು ಹರಿವೆ ಇತ್ತು. ಇತ್ತು ಅಂದ್ರೆ ಏನು, ಬಿತ್ತಿ ಬಿಟ್ಟಿದ್ಲು, ಅದೂ ಹಲಸಿನ ಮರದ ನೆರಳಲ್ಲಿ. ಬಿಟ್ರೆ ತಾನೇ ಬೆಳೆಯುತ್ತೆ ಅನ್ನೋದು ಮರದೋಳ ಲೆಕ್ಕ. ಬಿಳಿಚ್ಕೊಂಡು, ಉದ್ದಕ್ಕೆ ಸೊರಗಿ, ತೆನೆ ಬಂದು ನಾರಾಗಿತ್ತು. ಪ್ರತಿ ಸಲಾನೂ ಅದೇ ಗತಿ, ಆ ಮನೇಲಿ ಎಷ್ಟೋ ವರ್ಷದಿಂದ ಬರೀ ಉಪ್ಪುಸಾರು, ಹುರುಳಿ ಗೊಜ್ಜು. ಆಮೇಲೆ ಅವಳು ಸೊಸೆಗೆ ಅಂದ್ಲಂತೆ, ಅಷ್ಟು ತುರಿಸ್ತಾ ಇದ್ರೆ ಆ ಕೈನ ಇಲ್ಲಿಡು, ಹಿತ್ತಿಲು ನಿಂದು, ನೀರು ಹುಯ್ಯೋ ದಿನ ಬಿಟ್ಟು ತೋಪಿನ ಕಡೆ ತಲೆ ಹಾಕ್ದೆ ಅಂದ್ರೆ ನೋಡು.

ಪಿಳ್ಳಮ್ಮ ಬಿಸಿಲು ಬೀಳೋ ಕಡೆ ಮಡಿ ಕಟ್ಟಿದ್ಲು, ಗೊಬ್ಬರ ಹಾಕಿದ್ಲು, ದಂಟು ಬಿತ್ತಿದ್ಲು. ದಿನಾ ನೀರು, ದಿನಾ ಕಳೆ, ದಿನಾ ಚಿವುಟೋದು. ತಿಂಗಳೊಳಗೆ ಮನೇಲಿ ಮಸ್ಸೊಪ್ಪಿನ ಘಮ. ಮುನಿತಿಮ್ಮ ಮೂರು ಮುದ್ದೆ ಉಂಡ್ನಂತೆ. ದ್ಯಾವೀರಮ್ಮ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳೋ ಪೈಕಿ ಅಲ್ಲ, ಉಪ್ಪು ಒಂಚೂರು ಮುಂದು ಅಂದ್ಲು, ತಟ್ಟೆ ಮಾತ್ರ ನೆಕ್ಕಿ ಇಟ್ಲು. ನೀನೂ ಇದೀಯಾ, ಸೊಪ್ಪು ಕಂಡ್ರೆ ತಟ್ಟೆ ಅಂಚಿಗೆ ತಳ್ತೀಯಾ, ನಾಳೆ ನೋಡ್ಕೊಳ್ತೀನಿ ನಿನ್ನ.

ಹಿಂಗೇ ಅತ್ತೆ ಸೊಸೆ ಜಗಳ ಆಡ್ಕೊಂಡೇ ಸೊಪ್ಪು ಬಿಡಿಸ್ಕೊಂಡು ಎರಡೂವರೆ ವರ್ಷ ಹೋಯ್ತಂತೆ. ತೋಪಲ್ಲಿ ಆ ಮೋಟು ಗಿಡ ಯಾರ ಕೈಗೂ ಸಿಗದೆ ದಡದಡ ಮೇಲೆದ್ದಿತ್ತು. ಚಿವುಟಿಸಿಕೊಂಡಿದ್ದಕ್ಕೆ ಬುಡದಲ್ಲೇ ನಾಕಾರು ಕೊಂಬೆ ಒಡೆದಿತ್ತಲ್ಲ, ಎಲ್ಲಾ ಕೊಂಬೇನೂ ಎದ್ದು ಕೊಡೆ ಬಿಚ್ಚಿದಂಗೆ ಹರಡ್ಕೊಂಡಿತ್ತು. ಪಿಳ್ಳಮ್ಮ ಎಂಟು ದಿನಕ್ಕೊಂದು ಸಲ ಹೋಗಿ, ನೀರು ಹುಯ್ದು, ಕೈ ಕಂಕುಳಲ್ಲಿ ಇಟ್ಕೊಂಡು ವಾಪಸ್ ಬರೋಳು.

ಐದನೇ ಯುಗಾದಿ ಹತ್ರ ಬಂತು. ಶಿವರಾತ್ರಿ ಕಳೆದು ನಾಕು ದಿನ ಆಗಿತ್ತು, ಪಿಳ್ಳಮ್ಮ ತೋಪಿಗೆ ಹೋಗ್ತಾಳೆ, ಗಿಡದಲ್ಲಿ ಒಂದು ಎಲೆ ಇಲ್ಲ! ಎಲ್ಲಾ ಉದುರಿ ನೆಲದ ಮೇಲೆ ಬಿದ್ದಿತ್ತು. ಹಿಂದಿನ ವರ್ಷಗಳಲ್ಲಿ ಎಳೇ ಗಿಡ ನೋಡು, ಇಷ್ಟು ಪೂರ್ತಿ ಉದುರಿರಲಿಲ್ಲ. ಸೊಪ್ಪಿನೋಳಿಗೆ ಎಲೆ ಉದುರಿತು ಅಂದ್ರೆ ಗಿಡ ಸತ್ತಂಗೇ. ಪಕ್ಕದ ಮರಾನ ನೋಡೋ ಬುದ್ಧೀನೂ ಬರಲಿಲ್ಲ ಅವಳಿಗೆ. ಊರೋರ ಮುಂದೆ ಹೊರಗೆ ಹಾಕಿಸ್ಕೊಳ್ಳೋದಕ್ಕಿಂತ ನಾನೇ ಹೊರಡೋದು ವಾಸಿ ಅಂತ ಮನೆಗೆ ಬಂದು ಎರಡು ಸೀರೆ ಗಂಟು ಕಟ್ಟಿದ್ಲಂತೆ. ಗಂಡ ಹೊಲದಲ್ಲಿದ್ದ. ಬಾಗಿಲು ದಾಟಿದೋಳು ನಿಂತ್ಲು, ಇವತ್ತು ಮಡಿಗೆ ನೀರು ಹಾಕಿಲ್ಲ ಅಂತ ನೆನಪಾಯ್ತು. ಒಂದಿನ ತಪ್ಪಿದ್ರೂ ದಂಟು ಬಾಡಿ ಬಿದ್ದೋಗುತ್ತೆ. ಗಂಟು ಕೆಳಗಿಟ್ಟು, ಅಳ್ತಾ ಅಳ್ತಾ ನೀರು ಹಾಕೋಕೆ ಕೂತ್ಲು.

ಅಷ್ಟೊತ್ತಿಗೆ ದ್ಯಾವೀರಮ್ಮ ಬಂದ್ಲು. ಗಂಟು ನೋಡಿದ್ಲು, ಸೊಸೆ ಮುಖ ನೋಡಿದ್ಲು, ಏನಾಯ್ತೇ ಅಂದ್ಲು. ಗಿಡ ಸತ್ತೋಯ್ತು ಅತ್ತೆಮ್ಮ ಅಂತ ಇವಳು ಗೊಳೋ ಅಂದ್ಲು. ದ್ಯಾವೀರಮ್ಮ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು, ಐದು ವರ್ಷದಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

“ಹೊಸ ಸೀರೆ ಉಡಬೇಕಾದ್ರೆ ಹಳೇದು ಬಿಚ್ಚಬೇಡ್ವೇನೇ ಪೆದ್ದಿ? ಹೊಂಗೆ ವರ್ಷಾವರ್ಷ ಹಿಂಗೇ. ನನ್ನ ಮರಾನೂ ಬೋಳು ನಿಂತಿದೆ, ಹೋಗಿ ನೋಡು.”

ಪಿಳ್ಳಮ್ಮ ಓಡಿದ್ಲು. ನಿಜಾನೇ ಕಣೇ, ತೋಪಿಗೆ ತೋಪೇ ಬೋಳು. ಎಂಟು ದಿನಕ್ಕೆ ಕಡ್ಡಿ ಕಡ್ಡೀಲೂ ಕೆಂಪು ಚಿಗುರು, ಇನ್ನೆಂಟು ದಿನಕ್ಕೆ ತಿಳಿ ಹಸಿರು, ಯುಗಾದಿ ಹೊತ್ತಿಗೆ ಆಕಾಶ ಕಾಣದಷ್ಟು ಎಲೆ. ಅವಳಿಗೆ ಹೋದ ಜೀವ ಬಂದಂಗಾಯ್ತಂತೆ.

ಯುಗಾದಿ ದಿನ ನಡುಮಧ್ಯಾಹ್ನ ಊರೋರೆಲ್ಲ ಸೇರಿದ್ರು. ಪಿಳ್ಳಮ್ಮ ಹೊಸ ಸೀರೆ ಉಟ್ಟು ಗಿಡದಡೀಲಿ ಕಾಲು ನೀಡಿ ಕೂತ್ಲು. ಊರ ಯಜಮಾನ ಕೋಲು ಹಿಡ್ಕೊಂಡು ಸುತ್ತ ಬಂದ. ತಲೆ ಮೇಲೆ ನೆರಳು, ಭುಜದ ಮೇಲೆ ನೆರಳು, ಮಡಿಲ ತುಂಬ ನೆರಳು. ಆಮೇಲೆ ಕೋಲಿನ ತುದಿ ಕೆಳಗೆ ಬಂದು ನಿಂತ್ಕೊಳ್ತು. ಎರಡು ಪಾದ ಬಿಸಿಲಲ್ಲಿತ್ತು. ಯಜಮಾನ ಕೆಮ್ಮಿದ, ಏನು ಹೇಳೋದು ಅಂತ ಮೀಸೆ ತಡವಿದ. ಮುನಿತಿಮ್ಮ ತಲೆ ತಗ್ಗಿಸ್ದ. ಪಿಳ್ಳಮ್ಮ ಬೊಂಬೆ ಥರ ಕೂತಿದ್ಲು, ಭಯಕ್ಕೆ ಅವಳಿಗೆ ಏನೂ ತೋಚಲಿಲ್ಲ.

ಆಗ ದ್ಯಾವೀರಮ್ಮ ಜನಾನ ತಳ್ಕೊಂಡು ಮುಂದೆ ಬಂದ್ಲಂತೆ.

“ಕಾಲು ಮಡಿಚ್ಕೊಳ್ಳೇ ನನ್ನವ್ವ! ನೀನು ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ, ಯಾರ ಕೈ ಅಡುಗೆ ಉಣ್ಲಿ?”

ಪಿಳ್ಳಮ್ಮ ಸರಕ್ಕನೆ ಕಾಲು ಒಳಗೆ ಎಳ್ಕೊಂಡ್ಲು. ಕಾಲು ಮಡಿಚಬಾರ್ದು ಅಂತ ಯಾವ ಹಿರೀಕನೂ ಹೇಳಿರಲಿಲ್ಲವಲ್ಲ, ಯಜಮಾನ ನಕ್ಕು ಕೋಲು ಬಿಸಾಕಿದ. ಜನ ಎಲ್ಲ ಉಸಿರುಬಿಟ್ರು. ದ್ಯಾವೀರಮ್ಮ ಮಾತ್ರ ಕಣ್ಣು ಒರೆಸ್ಕೊಳ್ತಾ, ಬಿಸಿಲಿಗೆ ಕಣ್ಣು ಉರೀತಿದೆ ಅಂತ ಸುಳ್ಳು ಹೇಳಿ, ಸೊಸೆ ಪಕ್ಕದಲ್ಲೇ ಆ ನೆರಳಿಗೆ ಹೋಗಿ ಕೂತ್ಲಂತೆ. ಮರ ಸಣ್ಣದು, ಇಬ್ಬರಿಗೆ ಜಾಗ ಸಾಲದು. ಒಬ್ಬರನ್ನೊಬ್ಬರು ಒತ್ಕೊಂಡೇ ಕೂತಿದ್ರು, ಹೊತ್ತು ಇಳಿಯೋವರೆಗೂ ಏಳಲೇ ಇಲ್ಲ.

ಅಲ್ಲಿಗೆ ಅವರ ಕತೆ ಮುಗೀತು, ನಿನ್ನ ಕಣ್ಣೂ ಮುಚ್ಚಿತು. ಸ್ವಲ್ಪ ಆಚೆ ಸರಿ ಮಗಾ, ನಾನೂ ಮಲಗ್ತೀನಿ.