ವಿಷದ ಕೈ ಹಿಡಿದ ಪ್ರತಿಕಾಯ

ಬಡಗಿ ಹಾಲಪ್ಪನ ಕಾಲಿಗೆ ಮೊಳೆ ಚುಚ್ಚಿ, ಗಾಯದಲ್ಲಿ ಧನುರ್ವಾಯುವಿನ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿದವು. ಆಸ್ಪತ್ರೆಯವರು ಕಳಿಸಿದ ಆ್ಯಂಟಿಬಯಾಟಿಕ್ ಅವನ್ನೆಲ್ಲ ಕೊಂದು, ಗೆದ್ದೆನೆಂದು ಕುಳಿತಿತು. ಬ್ಯಾಕ್ಟೀರಿಯಾಗಳು ಸಾಯುವ ಮೊದಲು ಉಗುಳಿದ್ದ ವಿಷ ಅದರ ಎದುರಿಗೇ ನಡೆದು ಹೊರಟಿತು.

"ಎಲ್ಲಿಗೆ ಸವಾರಿ?" ಎಂದಿತು ಆ್ಯಂಟಿಬಯಾಟಿಕ್.

"ನರದ ಮನೆಗೆ. ನಾನು ಒಳಗೆ ಹೊಕ್ಕರೆ ಹಾಲಪ್ಪನ ಮೈ ಬಿಲ್ಲಾಗುತ್ತದೆ, ಉಸಿರು ನಿಲ್ಲುತ್ತದೆ."

"ಪಾಪ! ಆದರೆ ನಾನು ಕೊಲ್ಲುವುದು ಜೀವವಿರುವವರನ್ನು ಮಾತ್ರ. ತಮಗೆ ಜೀವವಿಲ್ಲ. ಹೋಗಿ ಬನ್ನಿ."

ನರದ ಬಾಗಿಲಲ್ಲಿ ವಿಷ ಅಗುಳಿ ತೆಗೆಯಲು ಕೈ ಚಾಚಿತು. ಆಗಷ್ಟೇ ಸೂಜಿಯಿಂದ ಬಂದಿಳಿದಿದ್ದ, ಒಂದೇ ಅಚ್ಚಿನ ಪ್ರತಿಕಾಯಗಳ, ಅಂದರೆ ಆ್ಯಂಟಿಬಾಡಿಗಳ, ಪೈಕಿ ಒಂದು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಏನಯ್ಯಾ, ಧಾರೆಗೆ ನಿಂತ ಮದುಮಗನ ಹಾಗೆ ಹಿಡಿದಿದ್ದೀಯಲ್ಲ! ನಿನಗೆ ಕೊಲ್ಲಲು ಬರುತ್ತದೆಯೇ?"

"ಇಲ್ಲ, ಸ್ವಾಮಿ."

"ಜ್ವರ ಇಳಿಸಲು?"

"ಅದೂ ಇಲ್ಲ."

"ಮತ್ತೇನು ಬರುತ್ತದೆ?"

"ತಮ್ಮ ಈ ಕೈ ಹಿಡಿಯಲು. ನಮ್ಮ ಮನೆತನದಲ್ಲಿ ಎಲ್ಲರೂ ಇಷ್ಟೇ ಕಲಿತವರು."

ವಿಷ ಹೊಟ್ಟೆ ಹಿಡಿದು ನಗಬೇಕೆಂದುಕೊಂಡಿತು, ಕೈ ಬಿಡುವಾಗಿರಲಿಲ್ಲ. "ಇಂಥ ದಡ್ಡನ ಹತ್ತಿರ ಏನು ಮಾತು! ಬಿಡು, ನನಗೆ ಹೊತ್ತಾಯಿತು."

"ಕ್ಷಮಿಸಬೇಕು," ಎಂದಿತು ಪ್ರತಿಕಾಯ. "ಬಿಡುವುದನ್ನು ನಮಗೆ ಯಾರೂ ಕಲಿಸಿಲ್ಲ."

ಬಾಗಿಲು ತೆರೆಯಲಿಲ್ಲ. ಹಾಲಪ್ಪ ಮಗ್ಗುಲು ಬದಲಿಸಿ, ಸಲೀಸಾಗಿ ಉಸಿರಾಡಿ, ತಿಂಡಿ ಏನೆಂದು ಕೇಳಿದ.