ಹಂದಿಗೂಡಿಗೆ ಚಿಮುಕಿಸಿದ ತೀರ್ಥ

ಸುಂಕವ್ವನ ಹಂದಿದೊಡ್ಡಿ ಹೊಳೆಯ ದಂಡೆಯಲ್ಲಿತ್ತು. ಗುರುವಿಗೆ ಗಡ್ಡವಿರಬೇಕು ಎನ್ನುವವರು ಅತ್ತ ಸುಳಿಯುತ್ತಿರಲಿಲ್ಲ.

ಚೆನ್ನವೀರ ಸುಳಿದ. ಮಠದಲ್ಲಿ ಹನ್ನೆರಡು ವರ್ಷ ತೀರ್ಥ ಚಿಮುಕಿಸಿ ಬೇಸತ್ತು, ಕೆಲಸ ಕಲಿಯಲು ಅವಳ ಶಿಷ್ಯನಾದ.

ಆಚೆ ದಂಡೆಯ ಊರಿಗೆ ಹಂದಿಜ್ವರ ಬಂದು ಒಂದು ಹಂದಿಯೂ ಉಳಿದಿರಲಿಲ್ಲ. ಇಲ್ಲಿ ಬಸುರಿ ಹಂದಿ ಬಂಗಾರಿ ನಾಲ್ಕು ದಿನದಲ್ಲಿ ಮರಿ ಹಾಕುವುದಿತ್ತು.

"ಹಳೇ ಗೂಡಿಗೆ ಔಷಧಿ ಹೊಡೆದು ಸಿದ್ಧ ಮಾಡು," ಎಂದಳು ಸುಂಕವ್ವ. "ಸೋಂಕು ಉಳಿದರೆ ಬಂಗಾರಿಯೂ ಇಲ್ಲ, ಮರಿಗಳೂ ಇಲ್ಲ."

ಚೆನ್ನವೀರ ಸೋಂಕು ಕೊಲ್ಲುವ ಔಷಧಿಯನ್ನು ಬಕೆಟ್ಟಿನ ನೀರಿಗೆ ಬೆರೆಸಿದ. ಮಾವಿನೆಲೆ ಅದ್ದಿ, ನಾಲ್ಕು ಮೂಲೆಗೂ ಮೂರು ಮೂರು ಸಲ ಚಿಮುಕಿಸಿದ.

ಸುಂಕವ್ವ ಬಂದು ನೋಡಿದಳು. ನೆಲದ ತುಂಬ ಒಣಗಿದ ಹೇಲಿನ ಹಕ್ಕಳೆ. ಅದರ ಮೇಲೆ ಹನಿಗಳು ಮಿರಮಿರ ಮಿಂಚುತ್ತಿದ್ದವು.

"ಆಯ್ತಾ ತಮ್ಮಾ?"

"ಆಯ್ತವ್ವ. ಶುದ್ಧ."

"ಹಾಗಾದರೆ ಉಣ್ಣು ಬಾ."

ನಿನ್ನೆ ಉಂಡು ತೊಳೆಯದೆ ಬಿಟ್ಟ ತಟ್ಟೆಯೊಂದಿತ್ತು. ಸುಂಕವ್ವ ಅದಕ್ಕೆ ಮೂರು ಹನಿ ನೀರು ಚಿಮುಕಿಸಿ, ಬಿಸಿ ಮುದ್ದೆ ಇಟ್ಟಳು.

"ಅವ್ವಾ! ಇದರಲ್ಲಿ ಇರುವೆ ಓಡಾಡ್ತಿವೆ!"

"ಮಂತ್ರ ಹೇಳು. ಇರುವೆ ಮಾತು ಕೇಳಿದರೆ ಉಣ್ಣು."

ಚೆನ್ನವೀರನಿಗೆ ನಗು ತಡೆಯಲಿಲ್ಲ. ಮುದ್ದೆ ಬಿಟ್ಟು ಎದ್ದ. ಸಲಿಕೆ ಹಿಡಿದ.

ಕೆರೆದ. ಸೋಪಿನ ನೀರು ಹಾಕಿ ತಿಕ್ಕಿದ. ತೊಳೆದು ಒಣಗಲು ಬಿಟ್ಟ. ಮರುದಿನ ಗೋಡೆ, ನೆಲ, ಮೇವಿನ ತೊಟ್ಟಿ ಎಲ್ಲ ತೊಯ್ಯುವಂತೆ ಔಷಧಿ ಹೊಡೆದ.

ಬಾಗಿಲಿಗೆ ಔಷಧಿ ನೀರಿನ ಬಾನಿ ಇಟ್ಟು ಕಾವಲು ಕೂತ. ಬೂಟು ತಿಕ್ಕಿ ತೊಳೆದು ಅದರಲ್ಲಿ ಅದ್ದದೆ ಯಾರನ್ನೂ ಒಳಗೆ ಬಿಡಲಿಲ್ಲ. ಗುರುವನ್ನೂ ಒಮ್ಮೆ ತಡೆದ.

"ಅವ್ವಾ, ಹಿಮ್ಮಡಿಗೆ ಹೇಲು ಮೆತ್ತಿದೆ."

"ನನಗೇ ಹೇಳ್ತೀಯೇನೋ, ಮೂದೇವಿ!" ಬೈಯುತ್ತಲೇ ತಿಕ್ಕಿದಳು. ಒಳಗೊಳಗೇ ಹಿಗ್ಗಿದಳು.

ಬಂಗಾರಿ ಆ ಗೂಡಿನಲ್ಲೇ ಹತ್ತು ಮರಿ ಹಾಕಿತು. ತಿಂಗಳು ಕಳೆದರೂ ಹತ್ತೂ ಮೊಲೆಗಾಗಿ ಕಿತ್ತಾಡುತ್ತಿದ್ದವು. ಜ್ವರ ಹೊಳೆ ದಾಟಲಿಲ್ಲ.

ಮರಿಗಳ ಗಲಾಟೆ ನೋಡುತ್ತ ಚೆನ್ನವೀರ ಕೇಳಿದ:

"ಅವ್ವಾ, ಹನ್ನೆರಡು ವರ್ಷ ಜನರ ತಲೆ ಮೇಲೆ ತೀರ್ಥ ಚಿಮುಕಿಸಿದೆ. ಊಟಕ್ಕೆ ಕೂತರೆ ಮೇಲಿನವರದೇ ಒಂದು ಪಂಕ್ತಿ, ಕೆಳಗಿನವರದೇ ಒಂದು ಪಂಕ್ತಿ. ಒಬ್ಬನೂ ಬದಲಾಗಲಿಲ್ಲವಲ್ಲ, ಯಾಕೆ?"

ಸುಂಕವ್ವ ಸಲಿಕೆ ತೋರಿಸಿದಳು.

"ಚಿಮುಕಿಸೋ ಮುಂಚೆ ಕೆರೆದಿದ್ದೆಯಾ?"